ಸರ್, ನಾನೇನು ತಪ್ಪು ಮಾಡಿದೆ?

ಜುಲೈ ತಿಂಗಳ ಒಂದು ಬುಧವಾರ ಸಂಜೆ. ಚಿಕ್ಕಮಗಳೂರಿನ ಜುಲೈ ಗೊತ್ತಲ್ವಾ, ಬೆಳಿಗ್ಗೆ ಹಿಡಿದ ಮಳೆ ದೀಪ ಹಚ್ಚುವ ಹೊತ್ತಾದರೂ ಬಿಟ್ಟಿರಲಿಲ್ಲ. ನಾನು ಕರಾಟೆ ಕ್ಲಾಸ್ ನಡೆಸುವ ಸಮುದಾಯ ಭವನಕ್ಕೆ ಶೀಟಿನ ಮಾಡು. ಮಳೆ ಜೋರಾದರೆ ನಾನು ಹೇಳಿದ್ದು ಎರಡನೇ ಸಾಲಿಗೇ ಮುಟ್ಟುವುದಿಲ್ಲ. ಅವತ್ತು ಹದಿನಾಲ್ಕು ಮಕ್ಕಳು ಬಂದಿದ್ದರು, ಎಲ್ಲ ಐದರಿಂದ ಒಂಬತ್ತು ವರ್ಷದೊಳಗಿನವರು. ಅರ್ಧ ಮಕ್ಕಳ ಬಿಳಿ ಡ್ರೆಸ್ ಸರಿಯಾಗಿ ಒಣಗಿರಲಿಲ್ಲ, ಬಚ್ಚಲ ಒಲೆ ಹತ್ತಿರ ಹರವಿ ಹಾಕಿಕೊಂಡು ಬಂದಿದ್ದರಿಂದ ಹೊಗೆ ವಾಸನೆ ಬರುತ್ತಿತ್ತು. ನೆಲ ತಣ್ಣಗೆ ಕೊರೆಯುತ್ತಿತ್ತು. ಮೈ ಬೆಚ್ಚಗಾಗಲಿ ಅಂತ "ಎಲ್ಲರೂ ಇಪ್ಪತ್ತು ಬಸ್ಕಿ" ಅಂದೆ.

ಮೂರನೇ ಸಾಲಿನ ಕೊನೆಯಲ್ಲಿದ್ದ ಹುಡುಗ ಮಾತ್ರ ಶುರು ಮಾಡಲಿಲ್ಲ. ಏಳು ವರ್ಷದವನು. ಎಡಗೈಯಿಂದ ಬಲಗಿವಿ, ಬಲಗೈಯಿಂದ ಎಡಗಿವಿ ಹಿಡಿದುಕೊಂಡು ಸುಮ್ನೆ ನಿಂತಿದ್ದ. ಹತ್ತಿರ ಹೋಗಿ ನೋಡಿದರೆ ಕಣ್ಣು ತುಂಬಿತ್ತು.

"ಸರ್, ನಾನೇನು ತಪ್ಪು ಮಾಡಿದೆ?"

ಇದಾಗಿ ಮೂರು ವರ್ಷವಾಯಿತು. ಕ್ಲಾಸ್ ಶುರು ಮಾಡುವಾಗೆಲ್ಲ ಈಗಲೂ ನನಗೆ ಈ ಮಾತು ನೆನಪಾಗುತ್ತದೆ. ಚಿಕ್ಕ ಮಕ್ಕಳಿಗೆ ಕರಾಟೆ ಕಲಿಸುವುದರಲ್ಲಿ ಏನು ಕಷ್ಟ ಅಂತ ಯಾರಾದರೂ ಕೇಳಿದರೆ ನಾನು ಇಲ್ಲಿಂದಲೇ ಹೇಳಬೇಕು.

ಅದಕ್ಕೆ ಎರಡು ವಾರ ಮುಂಚೆ ಏನಾಗಿತ್ತು ಅಂದರೆ, ಬೆಲ್ಟ್ ಪರೀಕ್ಷೆ ಹತ್ತಿರವಿತ್ತು. ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುವ ನನ್ನ ಕೆಲಸ ಮುಗಿಸಿ, ಮನೆಗೂ ಹೋಗದೆ ನೇರ ಕ್ಲಾಸಿಗೆ ಬಂದಿದ್ದೆ. ನಾವು ಜಪಾನೀ ಭಾಷೆಯಲ್ಲಿ ಎಣಿಸುತ್ತೇವೆ. ಇಚಿ, ನಿ, ಸಾನ್, ಶಿ. ನಾಲ್ಕು ಅಂದರೆ ಶಿ. ನಮ್ಮ ಮಕ್ಕಳಿಗೆ ಅದು ಮೂಗು ಮುಚ್ಚಿಕೊಂಡು 'ಶೀ' ಅಂದ ಹಾಗೆ ಕೇಳಿಸುತ್ತದೆ. (ಜಪಾನಿನವರಿಗೂ ಆ ಶಬ್ದ ಅಷ್ಟು ಇಷ್ಟವಿಲ್ಲ. ಅವರಲ್ಲಿ ಸಾವಿಗೂ ಅದೇ ಉಚ್ಚಾರ. ಅದಕ್ಕೇ ಎಷ್ಟೋ ಕಡೆ 'ಯೊನ್' ಅಂತ ಬೇರೆ ಪದ ಬಳಸುತ್ತಾರೆ.) ಆ ಹುಡುಗ ಪ್ರತಿ ನಾಲ್ಕಕ್ಕೂ ನಗುತ್ತಿದ್ದ. ಅವನು ನಕ್ಕರೆ ಪಕ್ಕದವನೂ ನಗುತ್ತಿದ್ದ. ಎರಡು ಸಲ ಗದರಿದೆ. ಮೂರನೇ ಸಲ ಎಲ್ಲರ ಮುಂದೆ ನಿಲ್ಲಿಸಿ, ಕಿವಿ ಹಿಡಿಸಿ, ಐವತ್ತು ಬಸ್ಕಿ ಹೊಡೆಸಿದೆ.

ಬಾಗಿಲಲ್ಲಿ ನಿಂತಿದ್ದ ಅವನ ಅಪ್ಪ ತಲೆಯಾಡಿಸಿದರು. ಹೋಗುವಾಗ "ಸರಿಯಾಗಿ ಮಾಡಿದ್ರಿ ಸರ್, ಮನೇಲಂತೂ ಯಾರ ಮಾತೂ ಕೇಳಲ್ಲ" ಅಂದರು. ನನಗೆ ಅವತ್ತು ಖುಷಿಯೇ ಆಗಿತ್ತು, ಸುಳ್ಳು ಹೇಳುವುದಿಲ್ಲ. ಕ್ಲಾಸಿನಲ್ಲಿ ಉಸಿರು ಬಿಟ್ಟರೂ ಕೇಳಿಸುವಷ್ಟು ಮೌನವಿತ್ತು, ಆ ಮೌನವನ್ನು ನಾನು ಶಿಸ್ತು ಅಂದುಕೊಂಡಿದ್ದೆ. ಮಾರನೇ ದಿನ ಆ ಹುಡುಗ ಮನೆಯ ಮೆಟ್ಟಿಲು ಇಳಿಯಲಾಗದೆ ಕೂತುಕೊಂಡೇ ಒಂದೊಂದಾಗಿ ಜಾರಿಕೊಂಡು ಇಳಿದ ಅಂತ ಅವನ ಅಮ್ಮ ಹೇಳಿದ್ದು ಎಷ್ಟೋ ದಿನದ ಮೇಲೆ. ಎರಡು ವಾರ ಅವನು ಬರಲೇ ಇಲ್ಲ. ಬಂದ ಮೊದಲ ದಿನವೇ ನಾನು "ಬಸ್ಕಿ" ಅಂದಿದ್ದೆ.

ನಮ್ಮ ಮಾತಿನಲ್ಲೇ ಒಂದು ತೊಡಕಿದೆ. ಗರಡಿಯವರು ದಂಡ ಹೊಡೆಯುತ್ತಾರೆ, ಬಸ್ಕಿ ಹೊಡೆಯುತ್ತಾರೆ, ಅದು ಸಾಮು, ತಾಲೀಮು. ತಪ್ಪು ಮಾಡಿದವನಿಗೆ ಹಾಕುವುದೂ ದಂಡವೇ. ಹೋಂವರ್ಕ್ ಮಾಡದವನು ಹೊಡೆಯುವುದೂ ಬಸ್ಕಿಯೇ. ಮೈ ಗಟ್ಟಿ ಮಾಡುವುದಕ್ಕೂ ಶಿಕ್ಷೆಗೂ ಒಂದೇ ಹೆಸರು. ಗಣಪತಿ ಹಬ್ಬದಲ್ಲಿ ನೋಡಿ, ಇದೇ ಮಕ್ಕಳು ಗಣಪನ ಮುಂದೆ ಕಿವಿ ಹಿಡಿದು ನಾ ಮುಂದು ತಾ ಮುಂದು ಅಂತ ಬಸ್ಕಿ ಹೊಡೆಯುತ್ತಾರೆ. ಅಲ್ಲಿ ಯಾರೂ ಅಳುವುದಿಲ್ಲ. ಮೊಣಕಾಲು ಬಗ್ಗುವುದು ಮೂರು ಕಡೆಯೂ ಒಂದೇ ಥರ. ಎದುರಿಗೆ ಯಾರು ನಿಂತಿದ್ದಾರೆ, ಏತಕ್ಕೆ ನಿಂತಿದ್ದಾರೆ ಅನ್ನುವುದು ಮಗುವಿಗೆ ಚೆನ್ನಾಗಿ ಗೊತ್ತಾಗುತ್ತದೆ.

ನಾನು ಬೆಳೆದದ್ದೂ ಹಾಗೆಯೇ. ಶಾಲೆಗೆ ಸೇರಿಸುವಾಗ ಅಪ್ಪ "ಕಣ್ಣೊಂದು ಬಿಟ್ಟು ಎಲ್ಲಿಗೆ ಬೇಕಾದ್ರೂ ಹೊಡೀರಿ ಮೇಷ್ಟ್ರೇ" ಅಂದಿದ್ದರು. ಅಪ್ಪನಿಗೆ ನನ್ನ ಮೇಲೆ ಪ್ರೀತಿ ಕಮ್ಮಿಯಿತ್ತು ಅಂತಲ್ಲ, ಅವರ ಕಾಲದಲ್ಲಿ ಮಗ ಉದ್ಧಾರವಾಗಲಿ ಅನ್ನುವುದನ್ನು ಹೇಳುವ ರೀತಿಯೇ ಅದು. ಈಗ ಶಾಲೆಯಲ್ಲಿ ಹೊಡೆಯುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆದರೆ ಹೆದರಿಸುವವರೊಬ್ಬರು ಎಲ್ಲಾದರೂ ಇರಬೇಕು ಅನ್ನುವ ಆಸೆ ಮನೆಗಳಲ್ಲಿ ಹೋಗಿಲ್ಲ. ಆ ಕೆಲಸ ಈಗ ಕರಾಟೆ ಮಾಸ್ಟರಿಗೆ ಬಂದಿದೆ. ಹೊಸ ಅಡ್ಮಿಷನ್‌ಗೆ ಬರುವ ಹತ್ತು ಅಪ್ಪ ಅಮ್ಮಂದಿರಲ್ಲಿ ಏಳೆಂಟು ಜನ ನನ್ನ ಹತ್ತಿರ ಹೇಳುವುದು ಒಂದೇ: "ಸ್ವಲ್ಪ ಸ್ಟ್ರಿಕ್ಟ್ ಆಗಿರಿ ಸರ್. ಬೇಕಾದ್ರೆ ಎರಡು ಬಿಡಿ, ನಾವೇನೂ ಕೇಳಲ್ಲ."

ಸಾಲಾಗಿ ನಿಲ್ಲಿಸಿ, ಗದರಿಸಿ, ಎಣಿಸಿ ಕಲಿಸುವುದು ಸಾವಿರಾರು ವರ್ಷದ ಪದ್ಧತಿ ಅಂತ ನಾನೂ ನಂಬಿದ್ದೆ. ಆಮೇಲೆ ಕೂತು ಓದಿದೆ. ಕರಾಟೆ ಹುಟ್ಟಿದ ಓಕಿನಾವಾ ದ್ವೀಪದಲ್ಲಿ ಇದನ್ನು ಒಬ್ಬ ಗುರು ಒಬ್ಬನಿಗೋ ಇಬ್ಬರಿಗೋ, ಹೆಚ್ಚಾಗಿ ಗುಟ್ಟಾಗಿ ಕಲಿಸುತ್ತಿದ್ದರು. ಅಲ್ಲಿನ ಶಾಲೆಗಳಿಗೆ ಇದನ್ನು ತಂದವರು ಆಂಕೋ ಇತೋಸು ಎಂಬ ಹಿರಿಯರು, ಅದೂ 20ನೇ ಶತಮಾನದ ಮೊದಲ ವರ್ಷಗಳಲ್ಲಿ. ಗುದ್ದು, ತಡೆ, ಒದೆತಗಳನ್ನು ಒಂದು ಕ್ರಮದಲ್ಲಿ ಜೋಡಿಸಿ ಒಬ್ಬರೇ ಮಾಡುವ ಅಭ್ಯಾಸಕ್ಕೆ ಕಾಟಾ ಅನ್ನುತ್ತಾರೆ. ದೊಡ್ಡವರ ಕಾಟಾಗಳು ಮಕ್ಕಳಿಗೆ ಕಷ್ಟ ಅಂತ ಅವರು ಐದು ಸುಲಭದ ಕಾಟಾಗಳನ್ನು ಕಟ್ಟಿಕೊಟ್ಟರು, ಪಿನಾನ್ ಅಂತ ಹೆಸರು. ನಮ್ಮ ಶೋತೋಕಾನ್ ಪದ್ಧತಿಯಲ್ಲಿ ಅವನ್ನೇ ಹೆಯಾನ್ ಅನ್ನುತ್ತೇವೆ. ಹಾಗಂದರೆ ಶಾಂತಿ, ನೆಮ್ಮದಿ. ಮಕ್ಕಳಿಗಾಗಿ ಪಾಠವನ್ನೇ ಬದಲಾಯಿಸಿದ ಮನುಷ್ಯ ಅಂತ ಇತೋಸು ಮೇಲೆ ನನಗೆ ತುಂಬ ಗೌರವ. ಆದರೆ 1908ರಲ್ಲಿ ಅವರು ಬರೆದ ಪತ್ರದಲ್ಲಿ, ಚಿಕ್ಕ ವಯಸ್ಸಿನಿಂದಲೇ ಕಲಿತ ಮಕ್ಕಳು ಮುಂದೆ ಸೈನ್ಯಕ್ಕೆ ಒದಗುತ್ತಾರೆ ಅನ್ನುವ ಮಾತೂ ಇದೆ. ಆಗಿನ ಜಪಾನಿಗೆ ಸೈನಿಕರು ಬೇಕಿತ್ತು. ನಮ್ಮ ಸಮುದಾಯ ಭವನಕ್ಕೆ ಬರುವ ಐದು ವರ್ಷದ ಮಗುವನ್ನು ನಾನು ಯಾವ ಸೈನ್ಯಕ್ಕೂ ತಯಾರು ಮಾಡಬೇಕಿಲ್ಲ.

ಇತೋಸು ಅವರ ಶಿಷ್ಯ ಗಿಚಿನ್ ಫುನಾಕೋಶಿ. ಶೋತೋಕಾನ್ ಇವರಿಂದಲೇ ಬಂದದ್ದು. 1868ರಲ್ಲಿ ತಿಂಗಳು ತುಂಬುವ ಮುಂಚೆಯೇ ಹುಟ್ಟಿದ, ಹೆಚ್ಚು ದಿನ ಬದುಕಲಾರ ಅಂತ ಮನೆಯವರು ಅಂದುಕೊಂಡಿದ್ದ ಬಡಕಲು ಮಗು. ದೊಡ್ಡವರಾದ ಮೇಲೆ ಶಾಲೆಯಲ್ಲಿ ಮೇಷ್ಟ್ರಾಗಿದ್ದರು. ಹುಡುಗನಾಗಿದ್ದಾಗ ರಾತ್ರಿ ಹೊತ್ತು ಅಜಾತೋ ಎಂಬ ಗುರುಗಳ ಮನೆಯಂಗಳದಲ್ಲಿ ಒಂದೇ ಕಾಟಾವನ್ನು ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಮಾಡುತ್ತಿದ್ದರಂತೆ. ಗುರು ಕೂತು ನೋಡುತ್ತಿದ್ದರು, ಇನ್ನೊಮ್ಮೆ ಮಾಡು ಅನ್ನುತ್ತಿದ್ದರು. ಅಂಗಳದಲ್ಲಿ ಒಬ್ಬ ಹುಡುಗ, ಒಬ್ಬ ಗುರು. ಆ ತಾಳ್ಮೆಯನ್ನು ಹದಿನಾಲ್ಕು ಮಕ್ಕಳ ನಡುವೆ, ವಾರಕ್ಕೆ ಮೂರು ದಿನ, ಒಂದೊಂದು ಗಂಟೆಯಲ್ಲಿ ತರುವುದು ಹೇಗೆ? ನನ್ನ ಕಷ್ಟ ಇರುವುದು ಇಲ್ಲೇ. ಕೂಗಾಡುವುದು ಬೇಗ ಆಗುವ ಕೆಲಸ. ಅದಕ್ಕೇ ನಾವೆಲ್ಲ ಕೂಗಾಡುತ್ತೇವೆ.

ಐದು ವರ್ಷದ ಮಗುವಿಗೆ ಮುಷ್ಟಿ ಕಟ್ಟಲು ಹೇಳಿ ನೋಡಿ. ಹತ್ತರಲ್ಲಿ ಆರು ಮಕ್ಕಳು ಹೆಬ್ಬೆರಳನ್ನು ಒಳಗೆ ಬಚ್ಚಿಟ್ಟುಕೊಳ್ಳುತ್ತಾರೆ. ಹಾಗೇ ಗುದ್ದಿದರೆ ಬೆರಳು ಉಳುಕುತ್ತದೆ. ನಾಲ್ಕು ಬೆರಳು ಸುತ್ತಿ, ಹೆಬ್ಬೆರಳು ಹೊರಗಿಂದ ಬೀಗ ಹಾಕಬೇಕು ಅಂತ ಹೇಳಿಕೊಟ್ಟರೆ ಸರಿ ಮಾಡುತ್ತಾರೆ, ಮುಂದಿನ ವಾರ ಮತ್ತೆ ಒಳಗೆ. ಎಡ ಬಲ ಗೊತ್ತಿರುವುದಿಲ್ಲ. ಹೆಯಾನ್ ಶೋದಾನ್ ಅಂದರೆ ನಮ್ಮ ಮೊದಲ ಕಾಟಾ, 21 ಚಲನೆ, ಶುರುವಾಗುವುದೇ ಎಡಕ್ಕೆ ತಿರುಗಿ. ನಾನು ಎದುರು ನಿಂತು ತೋರಿಸಿದರೆ ನನ್ನ ಎಡ ಅವರ ಬಲ. ಬೆನ್ನು ತೋರಿಸಿ ನಿಂತರೆ ಹಿಂದೆ ಯಾರು ಏನು ಮಾಡುತ್ತಿದ್ದಾರೆ ಕಾಣಿಸುವುದಿಲ್ಲ. ಕೊನೆಗೆ ಕನ್ನಡಿಯ ಹಾಗೆ, ನಾನೇ ಉಲ್ಟಾ ಮಾಡಿ ತೋರಿಸುವುದನ್ನು ಕಲಿತೆ. ಅದಕ್ಕೆ ನನಗೆ ವರ್ಷ ಹಿಡಿಯಿತು. ಸೊಂಟ ತಿರುಗಿಸಿ ಗುದ್ದು ಅಂದರೆ ಮಕ್ಕಳು ಇಡೀ ಮೈ ತಿರುಗಿಸಿ ಬೀಳುತ್ತಾರೆ. ಮೈಗೆ ಹೋಲಿಸಿದರೆ ಅವರ ತಲೆ ದೊಡ್ಡದು, ಭಾರ, ಒಂದು ಕಾಲಿನ ಮೇಲೆ ನಿಲ್ಲುವುದೇ ದೊಡ್ಡ ಸಾಧನೆ. ದೊಡ್ಡವರಿಗೆ ಹೇಳುವ ತಪ್ಪುಗಳನ್ನೆಲ್ಲ ಇವರಿಗೆ ಹೇಳುತ್ತಾ ಕೂತರೆ ಮಗುವಿಗೆ ಕೇಳಿಸುವುದು ಒಂದೇ, ನಾನು ಸರಿಯಿಲ್ಲ ಅಂತ. ಈಗ ಒಂದು ದಿನಕ್ಕೆ ಒಂದು ಮಗುವಿಗೆ ಒಂದೇ ತಪ್ಪು ಹೇಳುತ್ತೇನೆ. ಹೆಬ್ಬೆರಳು ಅಂದರೆ ಅವತ್ತು ಹೆಬ್ಬೆರಳು ಮಾತ್ರ. ಕಾಲು ಎಲ್ಲೇ ಹೋಗಲಿ.

ಒಂದು ವಿಷಯದಲ್ಲಿ ಮಾತ್ರ ನನಗೆ ಇನ್ನೂ ಕೋಪ ಬರುತ್ತದೆ. ಹೆಂಚು ಒಡೆಸುವುದು. ಸ್ಕೂಲ್ ಡೇ ಇರಲಿ, ಗಣೇಶೋತ್ಸವ ಇರಲಿ, ಕರಾಟೆ ಪ್ರದರ್ಶನ ಅಂದರೆ ಹೆಂಚು ಒಡೆಯಲೇಬೇಕು, ಇಲ್ಲದಿದ್ದರೆ ಚಪ್ಪಾಳೆ ಬೀಳುವುದಿಲ್ಲ. ಹಿಂದೊಮ್ಮೆ ಒಂದು ಶಾಲೆಯವರು ಒಂದನೇ ಕ್ಲಾಸಿನ ಮಕ್ಕಳಿಂದ ಮಾಡಿಸಿ ಅಂತ ಕೇಳಿದ್ದರು. ಆಗಲ್ಲ ಅಂದೆ. ಮುಂದಿನ ವರ್ಷ ಆ ಶಾಲೆಯ ಕ್ಲಾಸ್ ಬೇರೆಯವರಿಗೆ ಹೋಯಿತು, ಹೋಗಲಿ. ಮಕ್ಕಳ ಮೂಳೆಯ ತುದಿಗಳಲ್ಲಿ ಇನ್ನೂ ಬೆಳೆಯುತ್ತಿರುವ ಮೆತ್ತನೆಯ ಭಾಗ ಇರುತ್ತದೆ. ಹದಿಹರೆಯ ಮುಗಿಯುವ ಹೊತ್ತಿಗೆ ಅದು ಗಟ್ಟಿಯಾಗುತ್ತದೆ. ಅಲ್ಲಿಯವರೆಗೆ ಅದಕ್ಕೆ ಬಲವಾದ ಪೆಟ್ಟು ಬಿದ್ದರೆ ಮೂಳೆ ಸೊಟ್ಟ ಬೆಳೆಯಬಹುದು, ಬೆಳವಣಿಗೆಯೇ ನಿಲ್ಲಬಹುದು. ಸಿಮೆಂಟು ನೆಲದ ಮೇಲೆ ಮುಷ್ಟಿಯೂರಿ ದಂಡ ಹೊಡೆಸುವುದೂ ಇದೇ ಲೆಕ್ಕಕ್ಕೆ ಬರುತ್ತದೆ. ನಾನೇ ಮೊದಲ ಎರಡು ವರ್ಷ ಹೊಡೆಸಿದ್ದೇನೆ, ನನ್ನ ಗುರುಗಳು ನನ್ನಿಂದ ಹೊಡೆಸಿದ್ದರು ಅಂತ. ನನಗೆ ಆಗ ಹತ್ತೊಂಬತ್ತು ವರ್ಷ. ಆ ವ್ಯತ್ಯಾಸ ನನಗೆ ಹೊಳೆದೇ ಇರಲಿಲ್ಲ. ಹತ್ತೊಂಬತ್ತರ ಹುಡುಗ ನೋವಾದರೆ ನಿಲ್ಲಿಸುತ್ತಾನೆ. ಏಳು ವರ್ಷದವನು ಮಾಸ್ಟರ್ ನಿಲ್ಲಿಸು ಅನ್ನುವವರೆಗೆ ಮಾಡುತ್ತಲೇ ಇರುತ್ತಾನೆ. ಸಾಲಿನಲ್ಲಿ ನಿಂತ ಮಗುವಿಗೆ ಬೇಡ ಅನ್ನಲು ಬರುವುದಿಲ್ಲ.

ಬೆಲ್ಟಿನ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಕರಿ ಬೆಲ್ಟ್ ಜೂಡೋದಿಂದ ಬಂದದ್ದು, ನಡುವಿನ ಬಣ್ಣಗಳೆಲ್ಲ ಆಮೇಲೆ ಸೇರಿದವು. ಮಕ್ಕಳಿಗೆ ಬಣ್ಣ ಖುಷಿ ಕೊಡುತ್ತದೆ, ಕೊಡಲಿ. ಎಂಟು ವರ್ಷಕ್ಕೆ ಬ್ಲ್ಯಾಕ್ ಬೆಲ್ಟ್ ಕೊಡಿ ಅಂತ ಕೇಳುವವರಿಗೆ ಮಾತ್ರ ನಾನು ಒಪ್ಪುವುದಿಲ್ಲ.

ಹೋದ ವರ್ಷ ಒಂದು ಫೋನ್ ಬಂತು. ನಮ್ಮ ಕ್ಲಾಸಿನ ಹುಡುಗ ಸ್ಕೂಲ್ ವ್ಯಾನಿನಲ್ಲಿ ಪಕ್ಕದವನ ಹೊಟ್ಟೆಗೆ ಒದ್ದಿದ್ದಾನೆ. ಟಿಫಿನ್ ಬಾಕ್ಸ್ ಕಿತ್ತುಕೊಂಡಿದ್ದಕ್ಕೆ. ನೀವು ಇದನ್ನೇ ಹೇಳಿಕೊಡೋದಾ ಅಂತ ಒದೆ ತಿಂದ ಮಗುವಿನ ಅಮ್ಮ ಕೇಳಿದರು. ಅವರ ಸಿಟ್ಟು ನ್ಯಾಯವಾದದ್ದೇ. ಹುಡುಗನನ್ನು ಪಕ್ಕಕ್ಕೆ ಕರೆದು ಯಾಕಪ್ಪ ಹಾಗೆ ಮಾಡಿದೆ ಅಂದೆ. "ನಾನು ಒದೀಬೇಕು ಅಂದ್ಕೊಂಡಿರ್ಲಿಲ್ಲ ಸರ್, ಕಾಲು ತಾನೇ ಹೋಯ್ತು" ಅಂದ.

ನಿಜವನ್ನೇ ಹೇಳಿದ್ದ. ಯೋಚನೆ ಮಾಡದೆ ಕಾಲು ಹೋಗಲಿ ಅಂತಲೇ ಅಲ್ವಾ ಒಂದೇ ಒದೆತವನ್ನು ನೂರು ಸಲ ಮಾಡಿಸುವುದು? ದೊಡ್ಡವರಾದರೆ ಕಾಲಿನ ಜೊತೆ ವಿವೇಕವೂ ಬೆಳೆದಿರುತ್ತದೆ ಅಂತ ನಂಬಿಕೊಳ್ಳಬಹುದು. ಚಿಕ್ಕವರಲ್ಲಿ ಕಾಲು ಮೊದಲು ಕಲಿತುಬಿಡುತ್ತದೆ, ಉಳಿದದ್ದು ನಿಧಾನ. ಅವತ್ತಿನಿಂದ ಒದೆಯುವುದರ ಅರ್ಧದಷ್ಟು ಹೊತ್ತನ್ನು ಒದೆ ನಿಲ್ಲಿಸುವುದಕ್ಕೆ ಇಟ್ಟಿದ್ದೇನೆ. ಒಬ್ಬ ಪೇಪರ್ ಹಾಳೆಯನ್ನು ಹಿಡಿದು ನಿಲ್ಲುತ್ತಾನೆ. ಇನ್ನೊಬ್ಬನ ಕಾಲು ಜೋರಾಗಿ ಬರಬೇಕು, ಗಾಳಿಗೆ ಹಾಳೆ ಅಲ್ಲಾಡಬೇಕು, ಕಾಲು ತಾಗಬಾರದು. ಹರಿಯುವುದಕ್ಕಿಂತ ಇದು ಎಷ್ಟು ಕಷ್ಟ ಅಂತ ಮಕ್ಕಳಿಗೆ ಮೊದಲ ದಿನವೇ ಗೊತ್ತಾಗುತ್ತದೆ. ಇದನ್ನು ಚೆನ್ನಾಗಿ ಮಾಡಿದವನಿಗೆ ಸಿಗುವ ಚಪ್ಪಾಳೆ ಹೆಂಚು ಒಡೆದವನಿಗೆ ಸಿಗುವುದಕ್ಕಿಂತ ಕಮ್ಮಿ ಇರುವುದಿಲ್ಲ, ನಮ್ಮ ಭವನದೊಳಗಾದರೂ.

ಆ ಫೋನ್ ಬಂದ ವಾರ ನೀರು ಕುಡಿಯುವ ಬಿಡುವಿನಲ್ಲಿ ಮಕ್ಕಳಿಗೆ ಸಳನ ಕಥೆ ಹೇಳಿದೆ. ನಮ್ಮ ಜಿಲ್ಲೆಯ ಕಥೆಯೇ ಅದು. ಮೂಡಿಗೆರೆ ತಾಲ್ಲೂಕಿನ ಅಂಗಡಿಯನ್ನೇ ಹಿಂದಿನ ಸೊಸೆವೂರು ಅನ್ನುತ್ತಾರೆ. ಗುರು ಸುದತ್ತ ಮುನಿಗಳು ಪಾಠ ಹೇಳುತ್ತಿದ್ದಾಗ ಹುಲಿ ನುಗ್ಗಿತು, "ಹೊಯ್ ಸಳ" ಅಂದರು, ಸಳ ಹೊಡೆದ. ಬೇಲೂರಿಗೆ ಟ್ರಿಪ್ ಹೋಗಿ ಬಂದ ಮಕ್ಕಳೆಲ್ಲ ಆ ಶಿಲ್ಪ ನೋಡಿದ್ದಾರೆ. ಇಲ್ಲಿಂದ 25 ಕಿಲೋಮೀಟರು ಅಷ್ಟೆ. ಒಬ್ಬ ಹುಡುಗಿ ಕೇಳಿದಳು, "ಸರ್, ಗುರುಗಳು ಹೊಯ್ ಅನ್ನೋ ತನಕ ಸಳ ಸುಮ್ನೆ ಇದ್ನಾ? ಹುಲಿ ಬಂದ್ರೂ?" ಅಂತ. ಇಷ್ಟು ವರ್ಷ ಆ ಕಥೆ ಕೇಳಿದ್ದೇನೆ, ನನಗೆ ಈ ಪ್ರಶ್ನೆ ಬಂದಿರಲಿಲ್ಲ. ವ್ಯಾನಿನಲ್ಲಿ ಒದ್ದ ಹುಡುಗ ಅಲ್ಲೇ ಕೂತಿದ್ದ. "ಇದ್ದ ಅನ್ಸುತ್ತೆ" ಅಂತ ಅವನೇ ಮೆಲ್ಲಗೆ ಅಂದ.

ಆ ಹುಡುಗಿಯ ಬಗ್ಗೆ ಹೇಳಬೇಕು. ಈಗ ಇಷ್ಟು ಕೇಳುವವಳು ಬಂದ ಹೊಸದರಲ್ಲಿ ಬಾಯಿಯೇ ಬಿಡುತ್ತಿರಲಿಲ್ಲ. ಆರು ವರ್ಷ. ಗುದ್ದುವಾಗ ಹೊಟ್ಟೆಯಿಂದ ಒಂದು ಕೂಗು ಬರಬೇಕು, ಕಿಯಾಯ್ ಅನ್ನುತ್ತಾರೆ. ಉಳಿದ ಮಕ್ಕಳಿಗೆ ಅದೇ ಇಷ್ಟದ ಭಾಗ, ಶೀಟು ಹಾರಿಹೋಗುವ ಹಾಗೆ ಕಿರುಚುತ್ತಾರೆ. ಇವಳ ತುಟಿ ಅಲ್ಲಾಡುತ್ತಿತ್ತು, ಶಬ್ದವಿಲ್ಲ. ನಾಲ್ಕು ತಿಂಗಳು ಹೀಗೇ. ಮನೆಯಲ್ಲಿ ಮೆಲ್ಲಗೆ ಮಾತಾಡು, ಸ್ಕೂಲಲ್ಲಿ ಬೆರಳು ಬಾಯಿ ಮೇಲೆ, ಹೆಣ್ಣುಮಗು ಕಿರುಚಬಾರದು ಅಂತ ಅಜ್ಜಿ. ಎಲ್ಲ ಕಡೆ ಸುಮ್ಮನಿರಿಸಿ ಆರೂವರೆಗೆ ನನ್ನ ಹತ್ತಿರ ಕಳಿಸಿ ಕಿರುಚು ಅಂದರೆ ಹೇಗೆ ಬರುತ್ತದೆ? ಆ ಬಸ್ಕಿಯ ದಿನಕ್ಕೂ ಮುಂಚಿನ ನಾನಾಗಿದ್ದರೆ ಅವಳನ್ನು ಮುಂದೆ ನಿಲ್ಲಿಸಿ, ಕೂಗುವವರೆಗೆ ಬಿಡುತ್ತಿರಲಿಲ್ಲ. ಈಗ ಹಾಗೆ ಮಾಡಲಿಲ್ಲ. ಒಂದು ದಿನ ಎಲ್ಲರಿಗೂ ಕಿಯಾಯ್ ಬದಲು ಕನ್ನಡದಲ್ಲೇ "ಬೇಡ!" ಅಂತ ಕೂಗಿಸಿದೆ. ಯಾರಾದರೂ ಕೈ ಹಿಡಿದು ಎಳೆದರೆ ಏನು ಅಂತೀರಾ, ಅದನ್ನೇ ಹೇಳಿ ಅಂದೆ. ಮೂರನೇ ಸುತ್ತಿಗೆ ಅವಳ ಧ್ವನಿ ಬಂತು. ತೆಳ್ಳಗಿತ್ತು, ಆದರೂ ನನಗೆ ಬೇರೆಯಾಗಿ ಕೇಳಿಸಿತು.

ಮುಂದಿನ ವಾರ ಜೋಡಿ ಅಭ್ಯಾಸಕ್ಕೆ ಅವಳನ್ನು ಅವಳಿಗಿಂತ ಒಂದು ಗೇಣು ಎತ್ತರದ ಹುಡುಗನ ಜೊತೆ ನಿಲ್ಲಿಸಿದೆ. ಅವಳು ನನ್ನ ಮುಖ ನೋಡಿ, ಗಟ್ಟಿಯಾಗಿ, "ಬೇಡ ಸರ್" ಅಂದಳು.

ಇಡೀ ಕ್ಲಾಸ್ ನನ್ನನ್ನೇ ನೋಡುತ್ತಿತ್ತು. ಬಾಗಿಲಲ್ಲಿ ಅಪ್ಪ ಅಮ್ಮಂದಿರೂ ಇದ್ದರು. ಮಾಸ್ಟರ್ ಹೇಳಿದ್ದಕ್ಕೆ ಬೇಡ ಅನ್ನುವುದು ನಮ್ಮಲ್ಲಿ ಇಲ್ಲ. ನನ್ನೊಳಗೂ ಹಳೆಯ ಸಿಟ್ಟು ಒಂದು ಕ್ಷಣ ಎದ್ದಿತು, ಇವಳಿಗೆ ಬಿಟ್ಟರೆ ನಾಳೆ ಎಲ್ಲರೂ ಶುರು ಮಾಡುತ್ತಾರೆ ಅಂತ. ಆದರೆ ಬೇಡ ಅನ್ನುವುದನ್ನು ಕಲಿಸಿದವನೇ ಮೊದಲು ಅದನ್ನು ಕೇಳದಿದ್ದರೆ ಆ ಪಾಠಕ್ಕೆ ಏನರ್ಥ? ಸರಿ ಪುಟ್ಟಿ, ಯಾರ ಜೊತೆ ಬೇಕು ನೀನೇ ಹೇಳು ಅಂದೆ. ಹೇಳಿದಳು. ಅಭ್ಯಾಸ ಮುಂದುವರಿಯಿತು. ಎಲ್ಲರೂ ಬೇಡ ಅನ್ನಲು ಶುರು ಮಾಡಲಿಲ್ಲ. ಎರಡು ತಿಂಗಳ ಮೇಲೆ ಅವಳೇ ಆ ಎತ್ತರದ ಹುಡುಗನ ಎದುರು ಹೋಗಿ ನಿಂತಳು.

ಆ ಬಸ್ಕಿಯ ಹುಡುಗನಿಗೆ ಅವತ್ತು ನಾನು ಏನು ಹೇಳಿದೆ ಅಂತ ಹೇಳಲಿಲ್ಲ. ನೀನು ಏನೂ ತಪ್ಪು ಮಾಡಿಲ್ಲ, ಅವತ್ತು ತಪ್ಪು ಮಾಡಿದ್ದು ನಾನು ಅಂದೆ, ಎಲ್ಲರಿಗೂ ಕೇಳಿಸುವ ಹಾಗೆ. ಮಳೆ ಸದ್ದಿನಲ್ಲಿ ಎಷ್ಟು ಜನಕ್ಕೆ ಕೇಳಿಸಿತೋ. ಆಮೇಲೆ ಅವನ ಪಕ್ಕ ನಿಂತು ಅವನ ಜೊತೆ ಇಪ್ಪತ್ತು ಬಸ್ಕಿ ಹೊಡೆದೆ. ಅವತ್ತಿನಿಂದ ಮಕ್ಕಳು ಹೊಡೆಯುವ ಒಂದೊಂದು ಬಸ್ಕಿಯನ್ನೂ ನಾನೂ ಅವರ ಜೊತೆ ಹೊಡೆಯುತ್ತೇನೆ. ಶಿಕ್ಷೆಯಾಗಿ ಯಾವ ಕಸರತ್ತನ್ನೂ ಕೊಡುವುದಿಲ್ಲ. ಗಲಾಟೆ ಮಾಡುವವರು ಐದು ನಿಮಿಷ ಗೋಡೆ ಪಕ್ಕ ಕೂತು ನೋಡಬೇಕು, ಸಾಕಾದಾಗ ಅವರೇ ಎದ್ದು ಬರಬಹುದು. ಕ್ಲಾಸ್ ಮೊದಲಿನಷ್ಟು ಸದ್ದಿಲ್ಲದೆ ನಡೆಯುವುದಿಲ್ಲ. ಇಬ್ಬರು ಅಪ್ಪಂದಿರು ಇಲ್ಲಿ ಡಿಸಿಪ್ಲಿನ್ ಇಲ್ಲ ಅಂತ ಮಕ್ಕಳನ್ನು ಬಿಡಿಸಿದರು. ಅವರಲ್ಲಿ ಒಬ್ಬನ ಮಗ ತುಂಬ ಚೆನ್ನಾಗಿ ಕಲಿಯುತ್ತಿದ್ದ, ಅದೊಂದು ಬೇಜಾರು ನನಗೆ ಹೋಗಿಲ್ಲ.

ಆ ಹುಡುಗನಿಗೆ ಈಗ ಹತ್ತು ವರ್ಷ. ಬುಧವಾರ ಚಿಕ್ಕವರ ಸಾಲಿಗೆ ಅವನೇ ಎಣಿಸುತ್ತಾನೆ. ಈ ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಹೊಸದಾಗಿ ಐದು ಮಕ್ಕಳು ಸೇರಿದ್ದಾರೆ. ಹೋದ ವಾರ ಅವನು "ಬಸ್ಕಿ" ಅಂತ ಕೂಗಿ ಎಣಿಸಲು ಶುರು ಮಾಡಿದ. ಹೊಸ ಮಗುವೊಂದರ ಎರಡೂ ಕೈ ತಾನಾಗಿಯೇ ಕಿವಿಗೆ ಹೋಯಿತು. ನಾನು ನೋಡಿ ಹೋಗಬೇಕು ಅನ್ನುವಷ್ಟರಲ್ಲಿ ಅವನೇ ಎಣಿಸುವುದನ್ನು ನಿಲ್ಲಿಸಿ ಸಾಲಿನೊಳಗೆ ಹೋದ. ಆ ಮಗುವಿನ ಒಂದೊಂದೇ ಕೈಯನ್ನು ಕಿವಿಯಿಂದ ಬಿಡಿಸಿ ಮುಂದೆ ಚಾಚಿಸಿದ.

"ಇಲ್ಲಿ ಕಿವಿ ಹಿಡ್ಕೊಳ್ಳೋದು ಬೇಡ. ಕೈ ಹೀಗಿಟ್ಕೋ, ಬೀಳಲ್ಲ."

ಆಮೇಲೆ ತನ್ನ ಜಾಗಕ್ಕೆ ಬಂದು, ಎಲ್ಲಿಗೆ ನಿಲ್ಲಿಸಿದ್ದೆ ಅಂತ ಕೇಳಿದ. ಸಾಲಿನಿಂದ ಯಾರೋ "ಸಾನ್" ಅಂದರು. "ಶಿ" ಅಂತ ಅವನು ಮುಂದುವರಿಸಿದ, ಚಿಕ್ಕವರೆಲ್ಲ ನಕ್ಕರು, ಅವನೂ ನಕ್ಕ, ಎಲ್ಲರೂ ನಗುತ್ತಲೇ ಮೊಣಕಾಲು ಬಗ್ಗಿಸಿದರು.